ಗಾಳದ ದಾರ

"ಎಳೀರಿ ಭಾವ, ಎಳೀರಿ. ಮಗು ಕೆನ್ನೆ ಹಿಂಡೋ ಹಾಗಲ್ಲ, ಜೀವ ಹೋಗ್ತಿದೆ ಅನ್ನೋ ಹಾಗೆ."

ಅಧ್ಯಕ್ಷರು ಎದೆಯ ಎಡಬದಿಯ ಕೆಂಪು ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಹಿಡಿ ಜಪ್ಪಯ್ಯ ಅನ್ನಲಿಲ್ಲ. ಮತ್ತೆ ಜಗ್ಗಿದರು. ಈ ಸಲ ಅಂಗಿಯ ಗುಂಡಿಯೊಂದು ಕಿತ್ತು ಬಂದು ನೆಲದ ಮೇಲೆ ಉರುಳಿ ಹೋಯಿತು. ಬೆನ್ನ ಮೇಲಿನ ಪ್ಯಾರಾಚೂಟು ಮಾತ್ರ ಹಾಲು ಕುಡಿದು ಮಲಗಿದ ಬೆಕ್ಕಿನ ಹಾಗೆ ಕದಲದೆ ಕೂತಿತ್ತು.

"ಅಂತೂ ಒಂದು ಬಿಚ್ಕೊಳ್ತು," ಎಂದಳು ನಾದಿನಿ.

ಮೂಲೆಯ ಸ್ಟೂಲಿನ ಮೇಲೆ ತನ್ನ ಪ್ಯಾರಾಚೂಟು ತೊಟ್ಟು ಸರದಿಗಾಗಿ ಕಾಯುತ್ತಿದ್ದ ಅಧ್ಯಕ್ಷರ ಹೆಂಡತಿ ಕಿಸಕ್ಕನೆ ನಕ್ಕಳು.

ಗ್ಲೈಡರ್ ಕ್ಲಬ್ಬಿನವರ ಪ್ಯಾರಾಚೂಟುಗಳನ್ನು ಬಿಚ್ಚಿ, ಎತ್ತರದ ಸೂರಿನಿಂದ ಇಳಿಬಿಟ್ಟು ಗಾಳಿಯಾಡಿಸಿ, ಉದ್ದನೆಯ ಮೇಜಿನ ಮೇಲೆ ಮತ್ತೆ ಮಡಿಸಿ ಕಟ್ಟುವುದು ನಾದಿನಿಯ ಕಸುಬು. ಬಿಚ್ಚುವಾಗ ತೊಡುವವರೇ ತೊಟ್ಟು ಹಿಡಿ ಎಳೆಯಬೇಕೆಂಬುದು ಅವಳ ಕಟ್ಟಳೆ. ಕ್ಲಬ್ಬಿನ ಅಧ್ಯಕ್ಷರಾದ ಭಾವ ಈ ತನಕ ತಮ್ಮ ಕಾರಿನ ಡ್ರೈವರನ್ನು ಕಳಿಸುತ್ತಿದ್ದರು. ಡ್ರೈವರ್ ಎಳೆದರೂ ತಾವೇ ಎಳೆದ ಹಾಗೆ ಎಂಬುದು ಅವರ ವಾದ. ಹಾಗಾದರೆ ಮೇಲೆ ಏನಾದರೂ ಆದಾಗ ಡ್ರೈವರೇ ಹಾರಿಕೊಳ್ಳಲಿ ಎಂಬುದು ಇವಳ ವಾದ. ಈ ಸಲ ಹೆಂಡತಿ ಹಟ ಹಿಡಿದು ಅವರನ್ನೇ ಎಳೆದುತಂದಿದ್ದಳು.

ನಾಳೆ ಕ್ಲಬ್ಬಿನ ಹೊಸ ಗ್ಲೈಡರಿನ ಮೊದಲ ಹಾರಾಟ. ಎಂಜಿನ್ ಇಲ್ಲದ, ಎರಡು ಸೀಟಿನ, ಬಾತುಕೋಳಿಯಷ್ಟು ಬಿಳಿಯ ವಿಮಾನ. ಮುಂದೆ ಅಧ್ಯಕ್ಷರು, ಹಿಂದೆ ಹೆಂಡತಿ. ಕ್ಯಾಮೆರಾದವರು ಬರುತ್ತಾರೆ. 'ನನ್ನ ಸಂಗಾತಿಯ ನಂಬಿಕೆಯೇ ನನ್ನ ರೆಕ್ಕೆ' ಎಂಬ ಸಾಲನ್ನು ಅಧ್ಯಕ್ಷರು ವಾರದಿಂದ ಕನ್ನಡಿಯೆದುರು ಪಳಗಿಸುತ್ತಿದ್ದರು. ಕೈ ಎಲ್ಲಿ ಎತ್ತಬೇಕು, ಗಂಟಲು ಎಲ್ಲಿ ಗದ್ಗದವಾಗಬೇಕು ಎಲ್ಲ ಗೊತ್ತುಮಾಡಿದ್ದಾಗಿತ್ತು. ಹೆಂಡತಿ ಹತ್ತದಿದ್ದರೆ ಆ ಸಾಲು ಅನಾಥ.

ಮೂರನೇ ಸಲ ಜಗ್ಗುವಾಗ ಅವರಿಗೆ ಥಟ್ಟನೆ ನೆನಪಾಯಿತು. ಹಿಡಿಯ ಮೇಲಿನ ಕೈ ತಾನಾಗಿ ಸಡಿಲವಾಯಿತು.

"ತುಕ್ಕು ಹಿಡಿದಿದೆ," ಎಂದರು. "ನಿನ್ನ ಕೆಲಸ ಯಾಕೋ ಇತ್ತೀಚೆಗೆ ಅಷ್ಟಕ್ಕಷ್ಟೇ ಕಣಮ್ಮಾ."

"ತುಕ್ಕಾ? ಎಲ್ಲಿ, ಕೈ ತೆಗೀರಿ."

"ಬೇಡ ಬಿಡು, ನಾನೇ ಮನೇಲಿ ಎಣ್ಣೆ..."

ಅಷ್ಟರಲ್ಲಿ ಅವಳು ಬಗ್ಗಿ ಹಿಡಿಯ ಕೆಳಗೆ ಬೆರಳು ತೂರಿಸಿಯಾಗಿತ್ತು. ಹಿಡಿಯಿಂದ ಹೊರಟ ತಂತಿಯನ್ನು ಯಾರೋ ಭುಜದ ಪಟ್ಟಿಗೆ ಸೇರಿಸಿ ಬಿಗಿದಿದ್ದರು. ಸುತ್ತಿನ ಮೇಲೆ ಸುತ್ತು, ಗಂಟಿನ ಮೇಲೆ ಗಂಟು.

"ಗಾಳದ ದಾರ," ಎಂದಳು. "ಏನು ಹಿಡಿಯೋಕೆ ಹೊರಟಿದ್ರಿ ಭಾವ, ತಿಮಿಂಗಿಲಾನಾ?"

ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡರು. ಕ್ಲಬ್ಬಿನ ಚಹಾಕೂಟದ ದಿನ, ಹಾರಾಟ ಮುಗಿಸಿ ಪ್ಯಾರಾಚೂಟು ಕಳಚದೆ ಕೂತಾಗ, ಈ ಹಾಳು ಹಿಡಿ ಕುರ್ಚಿಯ ಕೈಗೆ ಸಿಕ್ಕಿಕೊಂಡು, ಅಷ್ಟೂ ಬಟ್ಟೆ ಚಹಾದ ಕಪ್ಪು-ಬಸಿಗಳ ಮೇಲೆ ಹರಡಿ, ಅತಿಥಿಗಳು ಕೆಳಗಿನಿಂದ ಒಬ್ಬೊಬ್ಬರಾಗಿ ತೆವಳಿ ಬಂದಿದ್ದರು. ಅಂದಿನಿಂದ ಬೆನ್ನ ಹಿಂದೆ ಎಲ್ಲರೂ ಅವರನ್ನು 'ಡೇರೆ ಸಾಹೇಬ್ರು' ಎನ್ನುತ್ತಿದ್ದರು. ನಾದಿನಿ ಪ್ಯಾರಾಚೂಟನ್ನು ಒಗೆದು, ಒಣಗಿಸಿ, ಕಟ್ಟಿಕೊಟ್ಟ ಸಂಜೆಯೇ ಅಧ್ಯಕ್ಷರು ದಾರ ತಂದಿದ್ದರು. ಪ್ರಾಣ ಹೋದರೆ ಒಂದು ಸಲ. ಮಾನ ಹೋದರೆ ಪ್ರತಿ ಚಹಾಕೂಟದಲ್ಲೂ.

"ಇಷ್ಟು ವರ್ಷ ಹಾರಿಸಿದ್ದೀನಿ. ಒಂದು ದಿನಾನಾದ್ರೂ ಇದು ಬೇಕಾಯ್ತಾ?" ಎಂದು ಅವರು ದನಿ ಏರಿಸಿದರು. "ಹಾರಿಸೋಕೆ ಬರದವರಿಗೆ ಇದೆಲ್ಲ."

ಮೂಲೆಯಲ್ಲಿ ನಗು ನಿಂತಿತ್ತು. ಹೆಂಡತಿ ಗಲ್ಲವನ್ನು ಎದೆಗೊತ್ತಿ ತನ್ನ ಹಿಡಿಯ ಕೆಳಗೆ ನೋಡಿಕೊಳ್ಳುತ್ತಿದ್ದಳು. ಎದ್ದು ನಿಂತು ಎಳೆದಳು. ಬರಲಿಲ್ಲ.

"ರೀ, ನಂದೂನಾ?"

"ನಿನ್ನ ಕೈ ಗೊತ್ತಲ್ಲೇ ನಂಗೆ. ಸುಮ್ನಿರಲ್ಲ. ಕಾರಲ್ಲಿ ಕೂತ್ರೆ ಕಿಟಕಿ ಗುಂಡಿ ಒತ್ತೋದು, ಲಿಫ್ಟಲ್ಲಿ ಗಂಟೆ ಒತ್ತೋದು. ಕ್ಯಾಮೆರಾ ಮುಂದೆ ಇದನ್ನ ಎಳೆದ್ರೆ?"

"ಮೇಲೆ ಹೋದಾಗ ರೆಕ್ಕೆ ಮುರಿದ್ರೆ?"

"ಮುರಿಯಲ್ಲ."

"ಮುರಿದ್ರೆ ರೀ?"

"ನಾನಿದ್ದೀನಲ್ಲ!"

"ನಿಮ್ದೂ ಕಟ್ಟಿದೆಯಲ್ಲ."

ಅಧ್ಯಕ್ಷರು ಉರುಳಿಹೋದ ಗುಂಡಿಯನ್ನು ಹುಡುಕುವವರಂತೆ ನೆಲ ನೋಡಿದರು.

ನಾದಿನಿ ಕತ್ತರಿ ತಂದು ಅಕ್ಕನ ಎದೆಯ ದಾರವನ್ನು ಕತ್ತರಿಸಿದಳು. "ಈಗ ಎಳಿ ಅಕ್ಕ."

ಅಕ್ಕ ಎಳೆದಳು. ಕೀಲು ಬಿಟ್ಟಿತು. ದೊಡ್ಡ ಬಟ್ಟೆಯನ್ನು ಹೊರಗೆಳೆಯುವ, ಸ್ಪ್ರಿಂಗು ತುಂಬಿದ ಮರಿಕೊಡೆ ಕಪ್ಪೆಯ ಹಾಗೆ ಚಿಮ್ಮಿ, ಅಧ್ಯಕ್ಷರ ಕಿವಿ ಸವರಿ, ಗೋಡೆಗೆ ಬಡಿದು ಬಿತ್ತು. ನಾದಿನಿ ಅದನ್ನು ಹಿಡಿದು ಎಳೆಯುತ್ತ ನಡೆದಳು. ಬಟ್ಟೆ ಮಡಿಕೆ ಮಡಿಕೆಯಾಗಿ ಬಿಚ್ಚುತ್ತ ಹಿಂದೆಯೇ ಬಂತು. ಬಿಳೀ ಬಟ್ಟೆ ಮೇಜು ತುಂಬಿತು, ನೆಲ ತುಂಬಿತು, ಅಧ್ಯಕ್ಷರ ಬೂಟು ಮುಚ್ಚಿತು.

"ಇಷ್ಟೊಂದಿತ್ತಾ ನನ್ನ ಬೆನ್ನಲ್ಲಿ!" ಎಂದಳು ಅಕ್ಕ, ಬಟ್ಟೆ ಸವರುತ್ತ.

ಅಧ್ಯಕ್ಷರು ಬಟ್ಟೆ ತುಳಿಯದಂತೆ ಕೊಕ್ಕರೆಯ ಹಾಗೆ ಹೆಜ್ಜೆ ಎತ್ತಿ ಹೆಂಡತಿಯ ಹತ್ತಿರ ಬಂದರು. ಮುಖದಲ್ಲಿ ಭಾಷಣದ ಮುಗುಳ್ನಗೆ ಮರಳಿತ್ತು.

"ನೋಡು, ಎರಡನ್ನೂ ಇವತ್ತೇ ಹೊಸದಾಗಿ ಕಟ್ಟಿಸೋಣ. ದಾರ ಗೀರ ಏನೂ ಇಲ್ಲ. ಮತ್ತೆ, ಮುಂದಿನ ಸೀಟು ನಿನ್ನದು. ನಾನೇ ಹಿಂದೆ ಕೂತು ಹಾರಿಸ್ತೀನಿ. ಫೋಟೋದಲ್ಲಿ ನೀನೇ ಮೊದಲು. ಯಾವ ಅಧ್ಯಕ್ಷ ತನ್ನ ಸೀಟು ಬಿಟ್ಕೊಡ್ತಾನೆ ಹೇಳು?"

ಅವಳು ಭುಜದ ಪಟ್ಟಿ ಕಳಚಿ, ಖಾಲಿ ಚೀಲವನ್ನು ಅವರ ತೋಳಿಗೆ ತಗುಲಿಹಾಕಿದಳು.

"ಡ್ರೈವರನ್ನ ಕೂರಿಸ್ಕೊಳ್ಳಿ," ಎಂದಳು. "ನಾ ಹತ್ತಲ್ಲ."