ರಾಮಲಿಂಗಪ್ಪನ ಬೆರಳು

ಮುನವಳ್ಳಿಯ ಹತ್ತಿರ ನಿಜಗುಣಪ್ಪನವರು ಬೆಲ್ಲದ ಕಾರ್ಖಾನೆ ಹಾಕಿದಾಗ, ಅದರ ಯಂತ್ರಗಳಿಗೆ ನಿಯಂತ್ರಣ ಫಲಕ ಕಟ್ಟಿಕೊಡುವ ಕೆಲಸ ಸುಚೇತಾಳಿಗೆ ಸಿಕ್ಕಿತು. ಬೈಲಹೊಂಗಲದಲ್ಲಿ ಎರಡು ಖೋಲಿಯ ವರ್ಕ್‌ಶಾಪು ಅವಳದು. ಹತ್ತಿ ಗಿರಣಿ, ಹಾಲಿನ ಡೇರಿ, ಎಣ್ಣೆ ಮಿಲ್ಲು ಅಂತ ಸುತ್ತಲಿನ ತಾಲೂಕುಗಳನ್ನೆಲ್ಲ ತಿರುಗಿ ಹನ್ನೊಂದು ವರ್ಷದಲ್ಲಿ ಹೆಸರು ಮಾಡಿದ್ದಳು. ಅವಳ ಅಜ್ಜ ಸವದತ್ತಿಯಲ್ಲಿ ಪಂಚಾಂಗ ಗುಣಿಸುತ್ತಿದ್ದವರು. ಗಣಿತದಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಹಾಳೆ ಹರಿದು ಮತ್ತೆ ಮೊದಲಿನಿಂದ ಬರೆಯುವವರು. ಆ ಗುಣ ತನಗೂ ಬಂದಿದೆ ಎಂದು ಸುಚೇತಾ ನಂಬಿದ್ದಳು.

ಕಡಾಯಿಗೆ ಬರುವ ಉಗಿಯನ್ನು ಏರಿಸಿ ಇಳಿಸಲು ಒಂದು ಟಚ್ ಸ್ಕ್ರೀನ್ ಬೇಕಾಗಿತ್ತು. ಅವಳು ಎರಡು ನಮೂನೆ ತಂದು ಮೇಜಿನ ಮೇಲಿಟ್ಟಳು. ಒಂದು ರೆಸಿಸ್ಟಿವ್: ಮೇಲೆ ತೆಳುವಾದ ಪ್ಲಾಸ್ಟಿಕ್ ಪದರ, ಯಾವುದರಿಂದ ಒತ್ತಿದರೂ ಸರಿ, ಭಾರ ಬಿದ್ದರೆ ಸಾಕು. ನೋಡಲು ಮಾತ್ರ ಮಸುಕು, ಬೇಗ ಗೀರು ಬೀಳುತ್ತದೆ. ಇನ್ನೊಂದು ಕೆಪ್ಯಾಸಿಟಿವ್: ಗಾಜಿನದು, ಒರೆಸಿದರೆ ಹೊಳೆಯುತ್ತದೆ. ಅದಕ್ಕೆ ಭಾರ ಬೇಡ, ಬೆರಳಿನ ಚರ್ಮದ ಸುಳಿವು ಹತ್ತಬೇಕು.

ಪಾಕದ ಹದ ಹಿಡಿಯುವ ರಾಮಲಿಂಗಪ್ಪನನ್ನು ನಿಜಗುಣಪ್ಪ ಕರೆಸಿದರು. ನಲವತ್ತು ವರ್ಷ ಆಲೆಮನೆಗಳಲ್ಲಿ ದುಡಿದ ಮನುಷ್ಯ. ಕುದಿಯುವ ಪಾಕವನ್ನು ನೀರಿಗೆ ಹನಿಸಿ ಬೆರಳಲ್ಲಿ ಹೊಸಕಿ ನೋಡಿ ನೋಡಿ ಅವನ ಬೆರಳ ತುದಿಗಳು ದಡ್ಡುಗಟ್ಟಿದ್ದವು. ಅವನು ಮೊದಲನೆಯದನ್ನು ಒತ್ತಿದ, ದೀಪ ಹತ್ತಿತು. ಗಾಜಿನದನ್ನು ಒತ್ತಿದ, ಏನೂ ಆಗಲಿಲ್ಲ. ಮತ್ತೊಮ್ಮೆ ಒತ್ತಿದ.

"ಏನ್ರಿ ತಂಗಿ, ಇದಕ್ಕ ನನ್ನ ಗುರ್ತ ಹತ್ತವಲ್ದು," ಎಂದು ನಕ್ಕ.

ನಿಜಗುಣಪ್ಪನಿಗೆ ಗಾಜಿನದೇ ಮನಸ್ಸಿಗೆ ಬಂದಿತ್ತು. "ಆ ಮಸುಕಂದು ಬ್ಯಾಡ್ರಿ. ಕಾರ್ಖಾನಿ ನೋಡಾಕ ಮಂದಿ ಬರ್ತಾರ. ಮೊಬೈಲ್ ಇದ್ದಂಗ ಇರ್ಬೇಕು," ಎಂದರು.

ಸುಚೇತಾ ಬೇಡ ಅನ್ನಬಹುದಿತ್ತು. ಆದರೆ ಅವಳಿಗೂ ಗಾಜಿನದೇ ಚೆಂದ ಕಂಡಿತ್ತು. "ಬೆರಳು ಸ್ವಲ್ಪ ಹಸಿ ಮಾಡಿಕೊಂಡು ಒತ್ತರಿ ಕಾಕಾ, ರೂಢಿ ಆಗ್ತದ," ಎಂದಳು. ರಾಮಲಿಂಗಪ್ಪ ಬೆರಳನ್ನು ನಾಲಿಗೆಗೆ ಮುಟ್ಟಿಸಿ ಒತ್ತಿದ. ದೀಪ ಹತ್ತಿತು. ಅಲ್ಲಿಗೆ ಮಾತು ಮುಗಿಯಿತು.

ಕಾರ್ಖಾನೆ ಶುರುವಾದ ಆರನೇ ವಾರ ಒಂದು ಮಧ್ಯಾಹ್ನ ಕಡಾಯಿ ಉಕ್ಕಿತು. ರಾಮಲಿಂಗಪ್ಪ ಕೊನೆಗೆ ಓಡಿಹೋಗಿ ಉಗಿ ಕೊಳವೆಯ ಗಾಲಿಯನ್ನು ಕೈಯಿಂದಲೇ ತಿರುಗಿಸಿ ಮುಚ್ಚಿದ. ಅಷ್ಟರಲ್ಲಿ ಕೆಳಗೆ ನೊರೆ ತೆಗೆಯುತ್ತಿದ್ದ ಶಟ್ಟೆಪ್ಪನ ಎಡಗಾಲ ಮೇಲೆ ಬಿಸಿ ಪಾಕ ಸುರಿದಿತ್ತು. ಶಟ್ಟೆಪ್ಪ ರಾಮಲಿಂಗಪ್ಪನ ಜೊತೆಗೇ ಬೆಳೆದ ಗೆಳೆಯ; ಆಲೆಮನೆ ಕೆಲಸವನ್ನು ಇಬ್ಬರೂ ಒಟ್ಟಿಗೇ ಕಲಿತವರು.

ಮರುದಿನ ನಿಜಗುಣಪ್ಪ ಎಲ್ಲರನ್ನೂ ಸೇರಿಸಿ, ಸುಚೇತಾಳನ್ನೂ ಕರೆಸಿದರು. "ನಾ ಮೂರ ಸಲ ಒತ್ತೇನ್ರಿ ಧಣಿ," ಎಂದ ರಾಮಲಿಂಗಪ್ಪ. "ಉಗಿ ಬಂದ್ ಅನ್ನೂದನ್ನ ಮೂರ ಸಲ ಒತ್ತೇನಿ."

ಯಾವ ಹೊತ್ತಿಗೆ ಯಾವ ಗುಂಡಿ ಒತ್ತಲಾಯಿತು ಎಂಬುದನ್ನು ಯಂತ್ರ ತಾನೇ ಬರೆದಿಟ್ಟುಕೊಳ್ಳುತ್ತಿತ್ತು. ಸುಚೇತಾ ಲ್ಯಾಪ್‌ಟಾಪ್ ಜೋಡಿಸಿ ಅದನ್ನು ತೆರೆದಳು.

"ಏನ್ ಐತ್ರಿ ಅದ್ರಾಗ?" ಎಂದರು ನಿಜಗುಣಪ್ಪ.

"ಉಕ್ಕೂಕಿಂತ ಮೊದಲಿನ ಹತ್ತು ನಿಮಿಷದಾಗ ಏನೂ ಒತ್ತಿದ್ದು ಕಾಣಸವಲ್ದು," ಎಂದಳು.

ಅದು ನಿಜವೇ. ಆದರೆ ಗಾಜಿಗೆ ಸುಳಿವು ಹತ್ತಿದ ಬೆರಳು ಮಾತ್ರ ಅಲ್ಲಿ ದಾಖಲಾಗುತ್ತದೆ, ಗಡಿಬಿಡಿಯಲ್ಲಿ ಹಸಿ ಮಾಡಿಕೊಳ್ಳದ, ದಡ್ಡುಗಟ್ಟಿದ ಬೆರಳು ಮೂವತ್ತು ಸಲ ಒತ್ತಿದರೂ ದಾಖಲಾಗುವುದಿಲ್ಲ ಎಂದು ಅವಳು ಹೇಳಲಿಲ್ಲ. ಹೇಳಿದ್ದರೆ ಆ ಗಾಜನ್ನು ಆರಿಸಿದವರು ಯಾರು ಎಂಬ ಪ್ರಶ್ನೆ ಏಳುತ್ತಿತ್ತು. ಯಾರಾದರೂ ಕೇಳಿದರೆ ಹೇಳುತ್ತೇನೆ ಎಂದುಕೊಂಡಳು. ಯಾರೂ ಕೇಳಲಿಲ್ಲ. ರಾಮಲಿಂಗಪ್ಪ ಒಮ್ಮೆ ಅವಳ ಮುಖ ನೋಡಿದ, ಆಮೇಲೆ ತನ್ನ ಕೈ ನೋಡಿಕೊಂಡ. ಅದೇ ವಾರ ಅವನನ್ನು ಕೆಲಸದಿಂದ ತೆಗೆದರು.

ಎಂಟು ತಿಂಗಳು ಕಳೆದವು. ರಾಮದುರ್ಗದಲ್ಲಿ ಎಣ್ಣೆ ಮಿಲ್ಲು ನಡೆಸುವ ಪದ್ಮಜಾ ಎಂಬ ಹೆಂಗಸು ಎರಡೂ ನಮೂನೆಯ ಸ್ಕ್ರೀನ್ ನೋಡಿ, "ಎರಡರಾಗ ಯಾವದು ಚಲೋ?" ಎಂದು ಕೇಳಿದಳು. ಸುಚೇತಾ ಗಿರಾಕಿಗಳಿಗೆ ಹೇಳುವ ಧಾಟಿಯಲ್ಲೇ ಹೇಳಿದಳು: "ಕೈಯಾಗ ಮೊಬೈಲ್ ಹಿಡಿಯೋರಿಗೆ ಗಾಜಿಂದು ಅಡ್ಡಿ ಇಲ್ಲ. ಆದ್ರ ದುಡದು ದುಡದು ಕೈ ಒರಟಾದೋರು ಒತ್ತಿದ್ರ ಅದಕ್ಕ ಗೊತ್ತs ಆಗೂದಿಲ್ಲ."

ಹೇಳಿ ಮುಗಿಸಿದವಳ ಕಣ್ಣ ಮುಂದೆ ರಾಮಲಿಂಗಪ್ಪನ ಬೆರಳು ಬಂತು. ಎಷ್ಟು ಸರಾಗವಾಗಿ ಬಂದಿತ್ತು ಆ ಮಾತು! ಪದ್ಮಜಾ ಕೊಟ್ಟ ಚಹಾ ಹಾಗೇ ಆರಿತು.

ಅಲ್ಲಿಂದ ನೆಟ್ಟಗೆ ಮುನವಳ್ಳಿಗೆ ಹೋಗಿ ನಿಜಗುಣಪ್ಪನ ಮುಂದೆ ಎಲ್ಲವನ್ನೂ ಹೇಳಿದಳು. "ಆವತ್ತs ಹೇಳಿದ್ರ ಆಗತಿತ್ತಲ್ರಿ," ಎಂದರು ಅವರು. "ಅಂವನ್ನ ಹೊರಗ ಹಾಕಿದಾಂವ ನಾನು. ಮಂದಿ ಮುಂದ ನಿದ್ದಿಬಡಕ ಅಂದೇನಿ."

ರಾಮಲಿಂಗಪ್ಪ ಈಗ ಕಿತ್ತೂರಿನ ಆಚೆ ದೇಗಾಂವದಲ್ಲಿ ಮಗಳು ಗಂಗಾಳ ಮನೆಯಲ್ಲಿದ್ದ. ಸುಚೇತಾ ಹೋದಾಗ ಅಂಗಳದಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದ.

"ಬರ್ರಿ ತಂಗಿ, ಕೂಡ್ರಿ."

ಅವಳು ನಿಂತೇ ಹೇಳಿದಳು. ಅವನು ಒತ್ತಿದ್ದು ನಿಜ, ತಪ್ಪು ಯಂತ್ರದ್ದು, ಅದು ತನಗೆ ಅಂದೇ ಗೊತ್ತಿತ್ತು ಎಂದಳು. ರಾಮಲಿಂಗಪ್ಪನ ಕೈ ನಿಂತಿತು.

"ನಾ ಒತ್ತಿದ್ನೇನ್ರಿ?" ಎಂದು ಕೇಳಿದ.

"ಒತ್ತೀರಿ ಕಾಕಾ. ನೀವs ಹೇಳಿದ್ರಲ್ಲ, ಮೂರು ಸಲ ಅಂತ."

"ಆವಾಗ ಹಂಗ ಅನಸಿತ್ತು. ಮಿಷನ್ ಸುಳ್ಳ ಹೇಳೂದಿಲ್ಲ, ನೀ ತೂಕಡಿಸಿರಬೇಕು ಅಂತ ಎಲ್ಲಾರೂ ಅಂದ್ರು. ದಿನಾ ಅದನ್ನs ನೆನಸಿ ನೆನಸಿ ನನಗೂ ಹಂಗs ಅನ್ಸಾಕ ಹತ್ತಿತ್ರಿ." ಅವನ ದನಿ ತಗ್ಗಿತು. "ಶಟ್ಟೆಪ್ಪನ ಮನಿಗಿ ಹೋಗಿ, ನಾ ನಿದ್ದಿ ಹತ್ತಿ ಕುಂತಿದ್ನೋ ಮಾರಾಯಾ, ನಿನ್ನ ಕಾಲ ನಾನs ಸುಟ್ಟೆ ಅಂತ ಹೇಳಿ ಬಂದೇನಿ. ಅಂವ ಮಾತ ಬಿಟ್ಟಾನ."

ಸುಚೇತಾಳ ಕಣ್ಣು ತುಂಬಿದವು. ಅವನು ಅನ್ನವನ್ನಷ್ಟೇ ಕಳೆದುಕೊಂಡಿದ್ದಾನೆ ಎಂದುಕೊಂಡು ಬಂದಿದ್ದಳು. ತನ್ನ ನೆನಪಿನ ಮೇಲಿನ ನಂಬಿಕೆಯನ್ನೇ ಅವನು ಕಳೆದುಕೊಂಡಿದ್ದ.

"ಸ್ಕ್ರೀನ್ ಬದಲಿಸ್ತೇನಿ. ಧಣೇರು ತಿರುಗಿ ಕರದಾರ, ಬರ್ರಿ," ಎಂದಳು.

"ಇಲ್ರಿ. ಈಗ ಕಡಾಯಿ ಮುಂದ ನಿಂತ್ರ, ಹದ ಬಂತೋ ಇಲ್ಲೋ ಅಂತ ನನ್ನ ಬೆರಳ ಹೇಳಿದ್ದು ನನಗs ಖರೆ ಅನಸೂದಿಲ್ಲ." ಆಮೇಲೆ ಮೆಲ್ಲಗೆ ಕೇಳಿದ, "ಶಟ್ಟೆಪ್ಪಗ ಒಂದ ಮಾತ ಹೇಳ್ತೀರೇನ್ರಿ?"

ಮರುದಿನ ಬೆಳಿಗ್ಗೆ ಅವಳು ಶಟ್ಟೆಪ್ಪನ ಮನೆಗೆ ಹೋಗಿ, ಅವನ ಹೆಂಡತಿ ರಾಮವ್ವನ ಎದುರಿಗೇ ನಡೆದದ್ದನ್ನೆಲ್ಲ ಹೇಳಿದಳು. ರಾಮವ್ವ ಬಾಯಿಗೆ ಬಂದಂತೆ ಬೈದಳು. ಸುಚೇತಾ ತಲೆ ತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡಳು. ಶಟ್ಟೆಪ್ಪ ಅಂಗಿ ಹಾಕಿಕೊಂಡು, ಕುಂಟುತ್ತ ಹೊರಗೆ ಬಂದು, "ಕಿತ್ತೂರ ಬಸ್ ಎಷ್ಟಕ್ಕ ಐತ್ರಿ?" ಎಂದ.

ಅವಳೇ ಅವನನ್ನು ತನ್ನ ಕಾರಿನಲ್ಲಿ ದೇಗಾಂವಕ್ಕೆ ಕರೆದೊಯ್ದು ಬಿಟ್ಟಳು. ಗೆಳೆಯರಿಬ್ಬರೂ ಮತ್ತೆ ಮಾತಾಡತೊಡಗಿದರು ಎಂದು ಆಮೇಲೆ ಗಂಗಾ ಫೋನಿನಲ್ಲಿ ತಿಳಿಸಿದಳು. ಕಾರ್ಖಾನೆಯಲ್ಲಿ ಈಗ ಒತ್ತಿದರೆ ಹತ್ತುವ ಮಸುಕು ಸ್ಕ್ರೀನ್ ಇದೆ. ಪಾಕ ನೋಡಲು ಬೇರೆ ಊರಿನವನು ಬಂದಿದ್ದಾನೆ. ಕಡಾಯಿಯ ಮುಂದೆ ರಾಮಲಿಂಗಪ್ಪ ಮತ್ತೆಂದೂ ನಿಲ್ಲಲಿಲ್ಲ. ಅವನಿದ್ದಾಗಿನ ಬೆಲ್ಲದ ರುಚಿಯೇ ಬೇರೆಯಾಗಿತ್ತು ಎಂದು ನಿಜಗುಣಪ್ಪ ಆಗಾಗ ಅನ್ನುತ್ತಾರೆ. ಆಗೆಲ್ಲ ಸುಚೇತಾ ತಂತಿ ಬಿಗಿಯುವ ನೆಪದಲ್ಲಿ ಫಲಕದ ಹಿಂದೆ ಸರಿಯುತ್ತಾಳೆ.