ಏಪ್ರಿಲ್‌ಗೆ ಒಂದು ಗೋಡೆ

ನಾನು ಮಾತು ಕೊಟ್ಟಾಗ ನನಗಿನ್ನೂ ಮದುವೆಯಾಗಿರಲಿಲ್ಲ. ಅಜ್ಜಿಯ ಕೊನೆಯ ದಿನಗಳು. ಆಸ್ಪತ್ರೆಯ ವಾರ್ಡಿನಲ್ಲಿ ಇಬ್ಬರು ನರ್ಸುಗಳು ಅವಳನ್ನು ಹೊರಳಿಸಿ ಬೆನ್ನು ಒರೆಸುತ್ತ ತಮ್ಮ ರಜೆಯ ವಿಷಯ ಮಾತಾಡಿಕೊಳ್ಳುತ್ತಿದ್ದರು. ಒರಟರೇನೂ ಅಲ್ಲ. ಮೇಜು ಒರೆಸುವಾಗ ಮೇಜಿನ ಜೊತೆ ಯಾರು ಮಾತಾಡುತ್ತಾರೆ, ಹಾಗೆ. ಅಮ್ಮ ನನ್ನ ಮೊಣಕೈ ಹಿಡಿದು ಹೊರಗೆಳೆದುಕೊಂಡು ಬಂದಳು.

“ನಾನು ಹಿಂಗೆ ಬಿದ್ಕೊಂಡ ದಿನ ನನ್ನ ತಲೆ ಹತ್ರ ಏಪ್ರಿಲ್ ತೂಗುಹಾಕ್ಬೇಕು ನೀನು. ನನ್ನ ಮೈ ತೊಳೆಯೋರಿಗೆ ಇದು ಯಾರ ಮೈ ಅಂತ ಗೊತ್ತಿರ್ಲಿ.”

“ಆಯ್ತಮ್ಮ.”

“ಆಯ್ತಮ್ಮ ಅಲ್ಲ. ಮಾತು ಕೊಡು.”

ಕೊಟ್ಟೆ.

ಏಪ್ರಿಲ್ ಅಂದರೆ ಅಮ್ಮನೇ. ಹರೆಯದಲ್ಲಿ ಒಂದು ಟೈರ್ ಕಂಪನಿಯ ಕ್ಯಾಲೆಂಡರಿಗೆ ಫೋಟೋ ತೆಗೆಸಿಕೊಂಡಿದ್ದಳು. ಏಪ್ರಿಲ್ ಪುಟ ಅವಳದು. ಕೆಂಪು ಈಜುಡುಗೆಯಲ್ಲಿ ಟೈರುಗಳ ರಾಶಿಯ ಮೇಲೆ ಕೂತಿದ್ದಾಳೆ. ಕೈಯಲ್ಲೊಂದು ಸ್ಪ್ಯಾನರ್, ಅದೂ ತಲೆಕೆಳಗು. ಮುಖದಲ್ಲಿ, ನೀನು ನೋಡುವ ಮೊದಲೇ ನಾನು ನಿನ್ನನ್ನು ನೋಡಿಯಾಯಿತು ಎನ್ನುವಂಥ ನಗು. ಆ ವರ್ಷ ಮಳೆಗಾಲ ಬಂದರೂ ಗ್ಯಾರೇಜುಗಳಲ್ಲಿ ಯಾರೂ ಪುಟ ತಿರುವಲಿಲ್ಲವಂತೆ. ಇದನ್ನು ಹೇಳುವಾಗ ಅಮ್ಮನ ದನಿ ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದವಳ ದನಿ.

ಅದರ ಬೆಲೆಯನ್ನೂ ತೆತ್ತಳು. ನನ್ನ ಶಾಲೆಯ ಅಡುಗೆಮನೆಯಲ್ಲಿ ಅವಳಿಗಿದ್ದ ಕೆಲಸ, ಯಾವುದೋ ಹುಡುಗನ ಅಪ್ಪ ಗುರುತು ಹಿಡಿದದ್ದರಿಂದ ಹೋಯಿತು. ಆತ ಎಲ್ಲಿ ನೋಡಿದ್ದ ಎಂದು ಯಾರೂ ಕೇಳಲಿಲ್ಲ. ತರಗತಿಯಲ್ಲಿ ಹುಡುಗರು ಒಬ್ಬರನ್ನೊಬ್ಬರು ಕೇಳುತ್ತಿದ್ದರು: “ಏಪ್ರಿಲ್ ಆದ್ಮೇಲೆ ಏನೋ ಬರೋದು?” “ಮೈ!” “ಮೈ ಅಲ್ಲ, ಮೇ” ಎಂದು ತಿದ್ದಿದ ಮೇಷ್ಟರ ತುಟಿಯಲ್ಲೂ ನಗುವಿತ್ತು. ಅತ್ತುಕೊಂಡು ಮನೆಗೆ ಬಂದರೆ ಅಮ್ಮ, “ಮೇಷ್ಟ್ರು ಸರಿಯಾಗೇ ಹೇಳಿದ್ದಾರೆ, ನೀನು ನನ್ನ ಮೇ” ಎಂದಳು. ಬೈಗುಳವೇ ಮುದ್ದಿನ ಹೆಸರಾಯಿತು. ನನಗೆ ಮಗಳು ಹುಟ್ಟಿದಾಗ ಕೇಳಬೇಕೆ? ಅವಳು ಜೂನ್.

ಈಗ ಅಮ್ಮನ ಬಲಭಾಗಕ್ಕೆ ಲಕ್ವ ಹೊಡೆದಿದೆ. ನಮ್ಮ ಮನೆಯೋ ಲಿಫ್ಟಿಲ್ಲದ ಮೂರನೇ ಮಹಡಿ. ನಾನು ಹೋಟೆಲುಗಳ ಹಾಸುಬಟ್ಟೆ ಒಗೆದು ಇಸ್ತ್ರಿ ಮಾಡುವ ಕಾರ್ಖಾನೆಯಲ್ಲಿ ಬೆಳಕು ಹರಿಯುವ ಮೊದಲೇ ಹಾಜರಿರಬೇಕು, ಜೂನ್‌ಗೆ ಕಾಲೇಜು, ಅವಳ ಅಪ್ಪ ಬೇರೆ ಮನೆ ಮಾಡಿಕೊಂಡು ಹೋಗಿದ್ದಾನೆ. ಕಾದು ಕಾದು ವೃದ್ಧಾಶ್ರಮದಲ್ಲೊಂದು ಹಾಸಿಗೆ ಸಿಕ್ಕಿತ್ತು. ಬಟ್ಟೆ ಜೋಡಿಸುವ ಮೊದಲೇ ಅಮ್ಮನ ತಲೆಯ ಪಕ್ಕದ ಗೋಡೆಗೆ ಮೊಳೆ ಹೊಡೆಸಿ ಏಪ್ರಿಲನ್ನು ತೂಗುಹಾಕಿದ್ದೆ. ಅವಳು ಅಂದುಕೊಂಡಂತೆಯೇ ಆಯಿತು. ಸ್ನಾನ ಮಾಡಿಸುವ ಹುಡುಗಿ ಚಿತ್ರ ನೋಡಿದಳು, ಅಮ್ಮನನ್ನು ನೋಡಿದಳು, ಮರುದಿನದಿಂದ “ಏಪ್ರಿಲ್ ಮೇಡಂ, ನೀರು ಬಿಸಿ ಸಾಕಾ, ಇನ್ನೂ ಬೇಕಾ?” ಎಂದು ಕೇಳತೊಡಗಿದಳು.

ಒಂದು ದಿನ ಕೆಲಸದ ನಡುವೆ ಏಪ್ರನ್ನಿನ ಜೇಬಿನಲ್ಲಿ ಫೋನು ನಡುಗಿತು. ಮತ್ತೆ ಮತ್ತೆ ನಡುಗಿತು. ಕೊನೆಗೆ ಆಶ್ರಮದ ವ್ಯವಸ್ಥಾಪಕರ ಸಂದೇಶ: ಗೋಡೆಯ ಚಿತ್ರದ ಬಗ್ಗೆ ದೂರು ಬಂದಿದೆ, ಕೂಡಲೇ ಬಂದು ಮಾತಾಡಿ. ರೋಲರಿನಿಂದ ಬಿಸಿಬಿಸಿಯಾಗಿ ಇಳಿದ ಹಾಸುಬಟ್ಟೆಯ ಇನ್ನೊಂದು ತುದಿ ಹಿಡಿದಿದ್ದ ಗೆಳತಿ ನಿಂತುಬಿಟ್ಟಳು.

“ಏನೇ, ಬಟ್ಟೆ ಮಡಚ್ತಿದ್ಯಾ, ಹಗ್ಗ ಹೊಸೀತಿದ್ಯಾ?”

“ಅಮ್ಮನ ಫೋಟೋ ತೆಗೀಬೇಕಂತೆ.”

“ಅಷ್ಟೇನಾ! ನಾನೆಲ್ಲೋ ಅಮ್ಮ ಹೋಗ್ಬಿಟ್ರು ಅಂದ್ಕೊಂಡೆ. ನೋಡು, ನನ್ನ ಈಜುಡುಗೆ ಫೋಟೋ ಹಾಕಿದ್ರೆ ಇಡೀ ಆಶ್ರಮ ಖಾಲಿಯಾಗಿ ಹಾಸಿಗೆಗೆ ಕ್ಯೂನೇ ಇರ್ತಿರ್ಲಿಲ್ಲ.”

ನಕ್ಕೆ.

ವ್ಯವಸ್ಥಾಪಕ ನನಗಿಂತ ಚಿಕ್ಕವನು, ಮೆದುಮಾತಿನವನು. “ನೋಡಿ, ನನಗೆ ವೈಯಕ್ತಿಕವಾಗಿ ಏನೂ ತೊಂದರೆ ಇಲ್ಲ. ಚಿತ್ರ ಚೆನ್ನಾಗೇ ಇದೆ. ಆದ್ರೆ ಇಲ್ಲಿ ಹೆಣ್ಮಕ್ಕಳು ಕೆಲಸ ಮಾಡ್ತಾರೆ, ಅವರಿಗೆ ಮುಜುಗರ ಆಗಬಾರದು. ನಿಮ್ಮ ತಾಯಿಯ ಘನತೆನೂ ನಾವು ನೋಡ್ಬೇಕಲ್ವಾ?”

“ದೂರು ಯಾರದ್ದು?”

“ಹೇಳೋ ಹಾಗಿಲ್ಲ.”

“ತೆಗೀದಿದ್ರೆ?”

ಅವನು ಮೇಜಿನ ಮೇಲಿನ ಪೆನ್ನನ್ನು ನೆಟ್ಟಗೆ ಮಾಡಿದ. “ಶುಕ್ರವಾರದವರೆಗೆ ಟೈಮ್ ಇದೆ. ಹೊರಗೆ ಎಷ್ಟು ಜನ ಕಾಯ್ತಿದ್ದಾರೆ ಅಂತ ನಿಮಗೂ ಗೊತ್ತು.”

ಕಾರಿಡಾರಿನಲ್ಲಿ ಎಲ್ಲರ ಮುಖವೂ ದೂರು ಕೊಟ್ಟ ಮುಖದಂತೆಯೇ ಕಂಡಿತು. ಎದುರು ಕೋಣೆಯಲ್ಲಿ ಒಬ್ಬರು ನಿವೃತ್ತ ಮುಖ್ಯೋಪಾಧ್ಯಾಯಿನಿ ಇದ್ದರು. ಅವರೇ ಇರಬೇಕೆಂದು ಬಾಗಿಲಲ್ಲಿ ನಿಂತು ಕೇಳಿಯೇಬಿಟ್ಟೆ.

“ನಾನಾ?” ಎಂದರು. “ನಾನು ಹೇಳೋದಿದ್ರೆ ಮುಖಕ್ಕೇ ಹೇಳ್ತೀನಮ್ಮ. ಸ್ಪ್ಯಾನರ್ ಉಲ್ಟಾ ಹಿಡ್ಕೊಂಡಿದ್ದೀಯ ಅಂತ ಬಂದ ದಿನವೇ ಹೇಳಿದ್ದೀನಿ.”

ಅಮ್ಮನಿಗೆ ವಿಷಯ ತಿಳಿಸಿದೆ. ಅವಳ ಮಾತು ಈಗ ಬಾಯಿಯ ಒಂದೇ ಬದಿಯಿಂದ ಬರುತ್ತದೆ, ಆದರೆ ಮೊನೆ ಮೊಂಡಾಗಿಲ್ಲ.

“ಆಗ ಮಾನ ಹೋಗತ್ತೆ ಅಂತ ತೆಗೆಸ್ತಿದ್ರು. ಈಗ ಘನತೆ ಕಾಪಾಡ್ತೀವಿ ಅಂತ ತೆಗೆಸ್ತಾರೆ. ಒಟ್ಟಲ್ಲಿ ತೆಗೀಬೇಕು.”

“ಬೀರು ಬಾಗಿಲಿನ ಒಳಗಡೆ ಅಂಟಿಸ್ಲಾ? ನಿನಗೆ ಬೇಕಾದಾಗ ತೆಗೆದು ನೋಡ್ಬಹುದು.”

“ಬೀರುವಲ್ಲಿರೋಕೆ ನಾನೇನು ಚಳಿಗಾಲದ ಕೋಟಾ? ನಾನು ನೋಡೋಕಲ್ಲ ಕಣೇ ಅದು. ಅವರು ನೋಡೋಕೆ.”

ಮನೆಗೆ ಬಂದು ಪಾತ್ರೆ ಉಜ್ಜುತ್ತ ಇದನ್ನೆಲ್ಲ ಜೂನ್‌ಗೆ ಹೇಳುತ್ತಿದ್ದೆ. ದೂರು ಕೊಟ್ಟವರು ಸಿಕ್ಕರೆ ಜನ್ಮ ಜಾಲಾಡಿಬಿಡುತ್ತೇನೆ ಎಂದೆ. ಲೋಟ ಒರೆಸುತ್ತಿದ್ದ ಅವಳ ಕೈ ನಿಂತಿತು.

“ನಾನೇ, ಅಮ್ಮ.”

ನಲ್ಲಿ ನಿಲ್ಲಿಸಿದೆ.

“ಭಾನುವಾರ ನಾನು ಹೋದಾಗ ಮಂಚ ರಿಪೇರಿಗೆ ಅಂತ ಹೊರಗಿನಿಂದ ಇಬ್ರು ಬಂದಿದ್ರು. ಅಜ್ಜಿ ಬಾಯಿ ತೆರ್ಕೊಂಡು ಮಲಗಿದ್ಲು. ಅವರು ಫೋಟೋ ನೋಡ್ತಾರೆ, ಅಜ್ಜಿನ ನೋಡ್ತಾರೆ, ನಗ್ತಾರೆ. ಒಬ್ಬ ಎರಡನ್ನೂ ಸೇರಿಸಿ ಮೊಬೈಲಲ್ಲಿ ಫೋಟೋ ತೆಗ್ದ. ಅಳಿಸು ಅಂದ್ರೆ ‘ಗೋಡೆ ಮೇಲೆ ಹಾಕಿರೋದು ನೋಡ್ಲಿ ಅಂತಾನೇ ಅಲ್ವಾ’ ಅಂದ.” ಲೋಟ ಕೆಳಗಿಟ್ಟಳು. “ನಿಮ್ಮ ಕಾಲದಲ್ಲಿ ಅದು ಗ್ಯಾರೇಜಿನ ಗೋಡೆ ಬಿಟ್ಟು ಕೆಳಗಿಳೀತಿರ್ಲಿಲ್ಲ. ಈಗ ಅದು ಎಲ್ಲಿದ್ಯೋ ಯಾರಿಗ್ಗೊತ್ತು? ಅಜ್ಜಿ ಮೈ ಅಜ್ಜಿದೇ ಅಂತೀಯಲ್ಲ, ಹಾಗಾದ್ರೆ ಅದನ್ನ ಕಾಯೋದು ತಪ್ಪಾ?”

ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯದೆ ಒದ್ದೆ ಕೈಯಲ್ಲೇ ನಿಂತಿದ್ದೆ. “ಆ ರೂಂ ಹೋದ್ರೆ ಏನಾಗತ್ತೆ ಗೊತ್ತಾ?” ಎಂದಷ್ಟೇ ಹೊರಟಿತು.

ಶುಕ್ರವಾರ ಕೆಲಸ ಮುಗಿಸಿ ಅವಳನ್ನೂ ಕರೆದುಕೊಂಡು ಹೋದೆ. ನಾನು ಬಾಯಿ ತೆರೆಯುವ ಮೊದಲೇ ಜೂನ್ ಅಜ್ಜಿಯ ಎದುರು ಎಲ್ಲ ಹೇಳಿಬಿಟ್ಟಳು. ಅಮ್ಮನ ಎಡಗಣ್ಣು ಅರಳಿತು.

“ನಕ್ರಾ? ಏನಂದ್ರು?”

“‘ಈ ಮುದುಕಿನಾ ಅದು’ ಅಂತ.”

“ಮತ್ತೆ! ಅದಕ್ಕೇ ಕಣೇ ಹಾಕಿಸಿದ್ದು. ನಂಬೋಕಾಗಲ್ಲ ಅಲ್ವಾ?” ಅರ್ಧ ಬಾಯಲ್ಲೇ ನಕ್ಕಳು. “ಹಲ್ಲು ಕಿಸಿಯೋರು ನನಗೇನು ಹೊಸಬರಾ? ನಿನಗೆ ನಾಚಿಕೆ ಆಯ್ತೇನೋ ಪಾಪ.”

“ನಾಚಿಕೆ ಅಲ್ಲ ಅಜ್ಜಿ. ಭಯ ಆಯ್ತು.”

“ಯಾರ್ ಬಗ್ಗೆ?”

“ನಿನ್ನ ಬಗ್ಗೆ.”

ನಾಚಿಕೆ ಎನ್ನುವವರಿಗೆ ಕೊಡಲು ಅಮ್ಮನ ಬಳಿ ಜೀವಮಾನವಿಡೀ ಮಸೆದ ಉತ್ತರಗಳಿದ್ದವು. ಇದಕ್ಕೆ ಒಂದೂ ಇರಲಿಲ್ಲ. ಆಡುವ ಕೈಯನ್ನು ಚಾಚಿ ಮೊಮ್ಮಗಳ ಜಡೆ ಎಳೆದಳು, ಅಷ್ಟೇ.

ಜೂನ್ ದೂರು ವಾಪಸ್ ತೆಗೆದುಕೊಳ್ಳುತ್ತೇನೆಂದು ವ್ಯವಸ್ಥಾಪಕನ ಕೋಣೆಗೆ ಓಡಿದಳು. ಹಿಂದೆಯೇ ಹೋದೆ. ಆತ ಸಹಾನುಭೂತಿಯಿಂದಲೇ ಕೇಳಿಸಿಕೊಂಡ.

“ಮೊಬೈಲಲ್ಲಿ ಫೋಟೋ ತೆಗೆದವನನ್ನ ಇನ್ನು ಒಳಗೆ ಬಿಡಲ್ಲ, ಅವನ ಮೇಲಿನವರಿಗೂ ಹೇಳಿದ್ದೀನಿ. ಆದ್ರೆ ನಿಯಮ ಒಮ್ಮೆ ಎದ್ದು ಕೂತ್ರೆ ಮತ್ತೆ ಮಲಗಿಸೋಕಾಗಲ್ಲಮ್ಮ. ಇನ್ನು ಆ ಚಿತ್ರ ಅಲ್ಲಿರೋ ಹಾಗಿಲ್ಲ. ಚಿತ್ರ ತೆಗೀರಿ, ಇಲ್ಲಾಂದ್ರೆ ನಾಳೆ ಬೆಳಿಗ್ಗೆ ಕೋಣೆ ಬಿಟ್ಟುಕೊಡಿ.”

ವಾಪಸ್ ಬರುವ ಕಾರಿಡಾರಿನಲ್ಲಿ ನಾನು ಮನಸ್ಸಿನಲ್ಲೇ ಅಮ್ಮನನ್ನು ಮೂರು ಮಹಡಿ ಹತ್ತಿಸಿದೆ. ಮೆಟ್ಟಿಲಿನ ತಿರುವಿನಲ್ಲಿ ಗಾಲಿಕುರ್ಚಿ ಸಿಕ್ಕಿಕೊಂಡಿತು. ಹಗಲೆಲ್ಲ ಅವಳ ಪಕ್ಕ ಕೂರಲು ಜೂನ್‌ಳ ಕಾಲೇಜು ಬಿಡಿಸಿದೆ. ಅಲ್ಲಿಗೆ ನಿಲ್ಲಿಸಿದೆ.

ಅಮ್ಮ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡಳು.

“ಮನೆಗೆ ಕರ್ಕೊಂಡು ಹೋಗ್ತೀಯಾ, ಮೇ?”

ನಾನು ಚಿತ್ರದ ಕಡೆ ನೋಡುತ್ತಿದ್ದೆ.

“ಸರಿ. ಹಾಗಾದ್ರೆ ತೆಗಿ. ಮೊಳೆನೂ ಕಿತ್ಕೊಂಡು ಹೋಗು. ಬರೀ ಮೊಳೆ ನೋಡ್ಕೊಂಡು ಮಲಗೋಕೆ ನಂಗಾಗಲ್ಲ.”

ಚಿತ್ರ ಇಳಿಸಿ ಮಂಚದ ಮೇಲಿಟ್ಟೆ. ಜೂನ್ ಅದನ್ನು ತನ್ನ ಸ್ವೆಟರಿನಲ್ಲಿ ಸುತ್ತಿದಳು. ಮೊಳೆ ಕೈಗೆ ಬರಲಿಲ್ಲ. ಚಮಚದ ಹಿಡಿಕೆ ಸಿಕ್ಕಿಸಿ ಮೀಟಿದೆ. ಸುಣ್ಣದ ಚಕ್ಕೆ ಅಮ್ಮನ ದಿಂಬಿನ ಮೇಲೆ ಉದುರಿತು, ಕೊಡವಿದೆ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಹೊಸಬಳೊಬ್ಬಳು ಬಂದಳು, ಆ ದಿನವೇ ಕೆಲಸಕ್ಕೆ ಸೇರಿದವಳು. ಕೈಯಲ್ಲಿ ನೀರಿನ ಬೋಗುಣಿ, ಭುಜದ ಮೇಲೆ ಟವೆಲು. ಮಂಚವನ್ನೊಮ್ಮೆ ನೋಡಿ ನನ್ನ ಕಡೆ ತಿರುಗಿದಳು.

“ಇವರಿಗೆ ಒರೆಸಿ ಆಗಿದ್ಯಾ, ಇನ್ನೂ ಇಲ್ವಾ?”

“ಅವರನ್ನೇ ಕೇಳಿ” ಎಂದೆ.

“ಅಯ್ಯೋ, ಮಾತಾಡ್ತಾರಾ?” ಎಂದು ನಕ್ಕು, ಕೇಳದೆಯೇ ಅಮ್ಮನನ್ನು ಗೋಡೆಯ ಕಡೆ ಹೊರಳಿಸಿದಳು. ಅಮ್ಮ ಏನೂ ಹೇಳಲಿಲ್ಲ.

ನಾನು ಮಾತಿಗೆ ತಪ್ಪಿದೆ.