ಈರಪ್ಪ ಕಾಕಾನ ಹೊಲದ ಡೇಗೆ

ಯಲ್ಲೇಶನ ಮಾತನ್ನು ಕುಬಿಹಾಳದಲ್ಲಿ ಅವನ ಮನೆಯ ಎಮ್ಮೆಯೂ ನಂಬುತ್ತಿರಲಿಲ್ಲ. ತಪ್ಪು ಎಮ್ಮೆಯದಲ್ಲ. ಕಂಡ ಹಕ್ಕಿ ದಾಖಲಿಸುವ ಆ್ಯಪ್ ಕೈಗೆ ಬಂದ ವಾರವೇ, ಅಣ್ಣಿಗೇರಿ ಸ್ಟೇಷನ್ನಿನಲ್ಲಿ ಪೆಂಗ್ವಿನ್ ಕಂಡೆನೆಂದು ಏರಿಸಿದ ಮಹಾನುಭಾವ ಅವನು. ಶಾಲೆಯಲ್ಲಿ ಪಾಠ ಹೇಳುತ್ತ, ಹಕ್ಕಿ ನೋಡುವವರ ಗುಂಪು ಕಟ್ಟಿದ್ದ ಶೈಲಶ್ರೀ ಅಕ್ಕೋರು ಅಂದೇ ಹೇಳಿದ್ದರು, ಇನ್ನೊಂದು ಸುಳ್ಳು ಹಕ್ಕಿ ಬಂದರೆ ಗುಂಪಿನಿಂದ ಹೊರಗೆ ಎಂದು. ಯಲ್ಲೇಶನಿಗೆ ತಮಾಷೆಗೆ ಹತ್ತಿದ ಹುಚ್ಚು ಅಷ್ಟರಲ್ಲಿ ನಿಜದ್ದಾಗಿ, ಬೆಳಗ್ಗೆ ಕೆರೆ ದಂಡೆ ಸುತ್ತದಿದ್ದರೆ ಚಹಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಒಂದು ಮುಂಜಾನೆ ಈರಪ್ಪ ಕಾಕಾನ ಜೋಳದ ಹೊಲದ ಬದುವಿನಲ್ಲಿ ನಿಂತು, ದನಿ ಕೇಳಿ ಹಕ್ಕಿಯ ಹೆಸರು ಹೇಳುವ ಆ್ಯಪ್ ತೆರೆದ. ಗುಬ್ಬಿ, ಗೀಜಗ ಎಂದು ಸಣ್ಣಪುಟ್ಟ ಪಾತ್ರಗಳು ಬಂದುಹೋದ ಮೇಲೆ ತೆನೆಗಳಾಚೆಯಿಂದ ಮೈ ನಡುಗಿಸುವ ಕಿರುಚು ಎದ್ದಿತು. ಪರದೆಯ ಮೇಲೆ ಡೇಗೆಯ ಹೆಸರು ಮೂಡಿತು. ಮುಗಿಲಿನಿಂದ ಕಲ್ಲಿನಂತೆ ಬಿದ್ದು ಬೇಟೆ ಹೊಡೆಯುವ ಹಕ್ಕಿ, ಹೀರೋಗಳ ಹೀರೋ! ಗುಂಪಿನಲ್ಲಿ ಯಾರೂ ಈ ಸೀಮೆಯಲ್ಲಿ ಅದನ್ನು ಕಂಡಿರಲಿಲ್ಲ. ಯಲ್ಲೇಶನಿಗೂ ಹಕ್ಕಿ ಕಾಣಲಿಲ್ಲ, ಕೂಗು ಕೇಳಿದ್ದಷ್ಟೇ. ಆದರೂ ಕೈ ತಡೆಯದೆ ಏರಿಸಿಬಿಟ್ಟ.

ಅದನ್ನು ಓದಿದ್ದೇ ಅಕ್ಕೋರು ಸ್ಕೂಟಿ ಏರಿ ಬಂದರು. ಹಿಂದೆ ಕ್ಯಾಮೆರಾ ಅಪ್ಪಿಕೊಂಡು ಯಲ್ಲೇಶನ ಗೆಳೆಯ ಮುನಾಫ್.

"ಇದೂ ಪೆಂಗ್ವಿನ್ ಆತಂದ್ರ ನಿನ್ ಪಿಕ್ಚರ್ ಮುಗೀತ್ ನೋಡಪಾ," ಎಂದರು ಅಕ್ಕೋರು.

"ಎಂಟ್ರಿ ತಡಾ ಆದಷ್ಟೂ ಹೀರೋ ದೊಡ್ಡಾಂವ ಇರ್ತಾನ್ರಿ ಅಕ್ಕೋರ," ಎಂದ ಯಲ್ಲೇಶ.

ಕಿರುಚು ಮತ್ತೆ ಎದ್ದಿತು. ಮೂವರ ಫೋನಿನಲ್ಲೂ ಅದೇ ಹೆಸರು. ಮುನಾಫ್ ಕ್ಯಾಮೆರಾ ಎತ್ತಿದ. ಆಗ ಕಿರುಚು ನಿಂತು, ಅದೇ ದಿಕ್ಕಿನಿಂದ ಹೆಣ್ಣು ದನಿಯೊಂದು ಇಡೀ ಹೊಲಕ್ಕೆ ಕೇಳುವಂತೆ ಗುಡುಗಿತು: "ಏನ್ರೀ, ಚಾ ಆರಾಕತ್ತೈತಿ, ಆ ಫೋನ್ ಬಾಜೂ ಇಡ್ರಿ." ಆಮೇಲೆ ಮತ್ತೆ ಡೇಗೆ.

ಮುನಾಫ್ ನಗುತ್ತ ಬದುವಿನ ಮೇಲೇ ಕುಸಿದ. ಅಕ್ಕೋರು ನಗಲಿಲ್ಲ, ಇದೂ ಅವನದೇ ಕಿತಾಪತಿ ಎಂಬಂತೆ ಯಲ್ಲೇಶನನ್ನೇ ನೋಡಿದರು. ಹುಟ್ಟಿದಾಗಿನಿಂದ ಮೊದಲ ಸಲ ನಿರಪರಾಧಿಯಾಗಿದ್ದವನು ಜೋಳ ಸೀಳಿಕೊಂಡು ಒಳಗೆ ನುಗ್ಗಿದ. ಅವರಿಬ್ಬರೂ ಹಿಂದೆಯೇ ಬಂದರು.

ನಡುಹೊಲದಲ್ಲಿ ಬಿದಿರಿನ ಗಳುವಿಗೆ ಕಟ್ಟಿದ ಮೈಕಿನ ಹಾರ್ನು, ಬುಡದಲ್ಲಿ ಈರಪ್ಪ ಕಾಕಾ. ಜೋಳಕ್ಕೆ ಬೀಳುವ ಹಕ್ಕಿ ಓಡಿಸಲು ಕವಣೆ ಬೀಸಿ ಬೀಸಿ ರಟ್ಟೆ ಬಿದ್ದುಹೋಗಿ, ಟಿವಿಯಲ್ಲಿ ಬಂದ ಡೇಗೆಯ ಕೂಗನ್ನು ಫೋನಿಗೆ ಹಿಡಿದುಕೊಂಡು ಹಾರ್ನಿಗೆ ಹಚ್ಚಿದ್ದನಂತೆ. ಹಿಡಿಯುವಾಗ ಹೆಂಡತಿ ಮಹಾದೇವಕ್ಕನ ಮಾತೂ ಒಳಗೆ ಸೇರಿತ್ತು. ಕತ್ತರಿಸಲು ಬರಲಿಲ್ಲ. ಹೆದರಿಸಲು ಅದೂ ಇರಲೆಂದು ಬಿಟ್ಟನಂತೆ. ಹಾರ್ನಿನ ಮೇಲೆ ಎರಡು ಗಿಳಿಗಳು ಕೂತು, ಅವನದೇ ತೆನೆಯನ್ನು ನಿಧಾನಕ್ಕೆ ಮುಗಿಸುತ್ತಿದ್ದವು.

ತಪ್ಪನ್ನು ಕಾಕಾನ ತಲೆಗೆ ಕಟ್ಟಿ ಕೈ ತೊಳೆಯಬಹುದಿತ್ತು. ಯಲ್ಲೇಶ ಹಾಗೆ ಮಾಡದೆ ಫೋನು ತೆಗೆದು ತನ್ನ ಡೇಗೆಯನ್ನು ತಾನೇ ಅಳಿಸಿದ. ಗಿಳಿಗಳ ಫೋಟೋ ಹೊಡೆದು ಬರೆದ: ಡೇಗೆ ಕೂಗುವ ಹಾರ್ನಿನ ಮೇಲೆ ಕೂತು ಜೋಳ ತಿನ್ನುತ್ತಿವೆ, ಕಣ್ಣಾರೆ ಕಂಡಿದ್ದೇನೆ.

ಅಕ್ಕೋರು ಓದಿದರು. ತುಟಿ ಬಿಗಿಹಿಡಿದರೂ ನಗು ಹೊರಗೆ ಬಂತು. "ಇರು ಗ್ರೂಪಿನ್ಯಾಗ. ಇನ್‌ಮ್ಯಾಲೆ ಕಿವಿಗೆ ಬಿದ್ದಿದ್ದನ್ನ ಕಣ್ಣಿಲೆ ನೋಡಿ ಹಾಕು."

ಅಷ್ಟರಲ್ಲಿ ಚಹಾದ ಕಿಟ್ಲಿ ಹಿಡಿದು ಮಹಾದೇವಕ್ಕನೇ ಬಂದಳು. ಸಂಗತಿ ತಿಳಿದು, ತನ್ನ ದನಿಗೆ ಆ ಫೋನು ಯಾವ ಹೆಸರು ಕೊಡುತ್ತದೆ ನೋಡೋಣ ಎಂದಳು. ಯಲ್ಲೇಶ ಫೋನು ಹಿಡಿದ. ಅವಳು ಮನಸಾರೆ ಗಂಡನನ್ನು ಬೈದಳು. ಪರದೆ ಖಾಲಿ.

"ನಮ್ಮ ಮನೀ ಯಜಮಾನ್ರೂ ಹಿಂಗ," ಎಂದಳು ಲೋಟ ತುಂಬುತ್ತ. "ಡೇಗಿ ಒದರಿದ್ದ ಕೇಳ್ತೈತಿ, ಚಾ ಆರಾಕತ್ತೈತಿ ಅಂದಿದ್ದ ಕೇಳೂದಿಲ್ಲ."